ಮಿನ್ನಾಳ ಅಪ್ಪ ಒಳಗೆ ಬರುವುದಿಲ್ಲ

ಬೇಸಿಗೆ ರಜೆಯ ಹೋಮ್‌ವರ್ಕಿನಲ್ಲಿ ಒಂದು ಚಾರ್ಟ್ ಇತ್ತು. ಮೂರನೇ ಕ್ಲಾಸಿನ ಮಕ್ಕಳು ತಮಗೆ ಇಷ್ಟವಾದ ಒಬ್ಬ ಲೇಖಕರನ್ನು ಆರಿಸಿಕೊಂಡು, ಎಡಕ್ಕೆ ಅವರ ಜೀವನ, ಬಲಕ್ಕೆ ಅವರ ವೃತ್ತಿ ಬರೆಯಬೇಕು. ಶಾಲೆ ತೆರೆದ ಮೇಲೆ ಕ್ಲಾಸಿನ ಮುಂದೆ ನಿಂತು ಓದಬೇಕು. ನನ್ನ ಮಗಳು ದೀಕ್ಷಿತಾ ಆರಿಸಿದ್ದು ಆಲ್ಮಾ ಟ್ರೆಡ್‌ವೇ ಎಂಬ ಅಮೆರಿಕದ ಲೇಖಕಿಯನ್ನು.

ಆ ಪುಸ್ತಕಗಳನ್ನು ಮನೆಗೆ ತಂದವರು ಅವಳ ಅಪ್ಪ ಲಕ್ಷಿತ್. ಒಮಾನಿನ ಸೊಹಾರ್ ಬಂದರಿನ ಬಳಿ ಒಂದು ಪ್ಲಾಂಟಿನಲ್ಲಿ ಅವರು ಟೆಕ್ನಿಶಿಯನ್ ಆಗಿದ್ದರು. ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೊರಟ ಅಮೆರಿಕದ ಇಂಜಿನಿಯರ್ ಒಬ್ಬ ತನ್ನ ಮಕ್ಕಳ ಪುಸ್ತಕಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕ್ಯಾಂಟೀನಿನಲ್ಲಿ ಬಿಟ್ಟುಹೋಗಿದ್ದ. ಯಾರೂ ಮುಟ್ಟಲಿಲ್ಲ. ಲಕ್ಷಿತ್ ಅದನ್ನು ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

ಅದರಲ್ಲಿ ಮಿನ್ನಾ ಎಂಬ ಹುಡುಗಿಯ ಒಂಬತ್ತು ಪುಸ್ತಕಗಳಿದ್ದವು. ಒಂದು ಗುಡ್ಡ, ಒಂದು ಮನೆ, ಮಿನ್ನಾ, ಅವಳ ಅಮ್ಮ, ಒಂದು ಕುಂಟು ಕೋಳಿ. ಅಪ್ಪ ಯಾವಾಗಲೂ ಆಚೆ ಕೊಟ್ಟಿಗೆಯಲ್ಲಿ. ಅವನ ಲಾಂದ್ರದ ಬೆಳಕು ಕಾಣುತ್ತದೆ, ಸುತ್ತಿಗೆಯ ಸದ್ದು ಕೇಳುತ್ತದೆ, ಅವನು ಮಾತ್ರ ಕಾಣುವುದಿಲ್ಲ. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಜಗಲಿಯ ಮೇಲೆ ಬೂಟಿನ ಸದ್ದಾಗುತ್ತದೆ. ಮಿನ್ನಾ ತಲೆಯೆತ್ತುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಲಕ್ಷಿತ್ ಇಂಗ್ಲಿಷಿನಲ್ಲಿ ಒಂದು ಸಾಲು ಓದಿ ತುಳುವಿನಲ್ಲಿ ನಾಲ್ಕು ಸಾಲು ಹೇಳುತ್ತಿದ್ದರು. ಕೊನೆಯ ಪುಟ ಬಂದಾಗ ಪುಸ್ತಕವನ್ನು ಮಗಳ ಮಡಿಲಿಗೆ ಹಾಕಿ, ಸೇಫ್ಟಿ ಶೂ ಮೆಟ್ಟಿಕೊಂಡು ಫ್ಲ್ಯಾಟಿನ ಹೊರಗೆ ಹೋಗುತ್ತಿದ್ದರು. ಕಾರಿಡಾರಿನಲ್ಲಿ ಧಡ್ ಧಡ್ ಎಂದು ನಡೆದು ಬಾಗಿಲು ಬಡಿಯುತ್ತಿದ್ದರು. ದೀಕ್ಷಿತಾ ಓಡಿಹೋಗಿ ತೆರೆಯುತ್ತಿದ್ದಳು. ಏಳು ಪುಸ್ತಕಗಳು ಹೀಗೆ ಮುಗಿದವು.

ಮೇ ತಿಂಗಳಲ್ಲಿ ಲಕ್ಷಿತ್ ತೀರಿಕೊಂಡರು. ದೀಕ್ಷಿತಾಳಿಗೆ ಅದು ಗೊತ್ತಿರಲಿಲ್ಲ.

ಬೆಳಗಿನ ಶಿಫ್ಟಿನ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿಕೊಂಡೇ ಹೋದರು. ಆ ಬಸ್ಸಿನಲ್ಲಿ ಎಲ್ಲರೂ ಹಾಗೆಯೇ ನಿದ್ದೆ ಮಾಡುತ್ತಾರೆ. ಗೇಟಿನಲ್ಲಿ ಎಲ್ಲರೂ ಇಳಿದ ಮೇಲೆ, ನಮ್ಮ ಎದುರು ಫ್ಲ್ಯಾಟಿನ ಗ್ಲಾಡ್ವಿನ್ ಹೆಗಲು ಹಿಡಿದು ಅಲುಗಿಸಿದರಂತೆ. ಹೃದಯ ಎಂದರು ಡಾಕ್ಟರು. ದೀಕ್ಷಿತಾಳಿಗೆ ಆ ವಾರ ಚಿಕನ್ ಪಾಕ್ಸ್ ಎದ್ದಿತ್ತು. ಅವಳನ್ನು ವಿಮಾನ ಹತ್ತಿಸುವಂತಿರಲಿಲ್ಲ, ಬಿಟ್ಟು ಹೋಗುವಂತೆಯೂ ಇರಲಿಲ್ಲ. ಲಕ್ಷಿತ್ ಜೊತೆ ಮಂಗಳೂರಿಗೆ ಗ್ಲಾಡ್ವಿನ್ ಹೋದರು. ನಾನು ಇಲ್ಲಿ ಮಗಳ ಬೆನ್ನಿಗೆ ಲೋಷನ್ ಹಚ್ಚುತ್ತ ಕುಳಿತೆ.

ಗ್ಲಾಡ್ವಿನ್ ಹೆಂಡತಿ ಜೆಸಿಂತಾ ಬಾಗಿಲಲ್ಲಿ ನಿಂತು, "ಡ್ಯಾಡಿ ದುಕ್ಮ್‌ಗೆ ಶಟ್‌ಡೌನ್‌ಗೆ ಹೋಗಿದ್ದಾರೆ ಪುಟ್ಟಾ" ಅಂದರು. ದುಕ್ಮ್ ಇಲ್ಲಿಂದ ಬಹಳ ದೂರದ ಇನ್ನೊಂದು ಬಂದರು. ರಿಪೇರಿಗೆಂದು ಇಡೀ ಪ್ಲಾಂಟನ್ನು ನಿಲ್ಲಿಸುವುದಕ್ಕೆ ಶಟ್‌ಡೌನ್ ಎನ್ನುತ್ತಾರೆ. ಆಗ ಗಂಡಸರು ವಾರಗಟ್ಟಲೆ ಮನೆಗೆ ಬರುವುದಿಲ್ಲ, ಒಳಗೆ ಫೋನು ಒಯ್ಯುವಂತಿಲ್ಲ. ಅಪ್ಪ ಯಾಕಿಲ್ಲ ಎಂದು ಕೇಳುವ ನಮ್ಮ ಕಟ್ಟಡದ ಮಕ್ಕಳಿಗೆ ಆ ಒಂದು ಪದ ಸಾಕು. ದೀಕ್ಷಿತಾ "ಓಕೆ" ಎಂದು ಮಗ್ಗುಲು ಬದಲಿಸಿದಳು.

"ಜ್ವರ ಇಳೀಲಿ, ಆಮೇಲೆ ಹೇಳಿದ್ರಾಯ್ತು" ಎಂದರು ಜೆಸಿಂತಾ ನನ್ನ ಕಿವಿಯಲ್ಲಿ.

ಜ್ವರ ಇಳಿಯಿತು. ಹಕ್ಕಳೆ ಉದುರಿದವು. ನಾನು ಹೇಳಲಿಲ್ಲ.

ಅವಳು ನನ್ನ ಫೋನಿನಿಂದ ಅಪ್ಪನಿಗೆ ವಾಯ್ಸ್ ಮೆಸೇಜ್ ಕಳಿಸತೊಡಗಿದಳು. ಅವರ ಫೋನು ಬಟ್ಟೆ ಕಪಾಟಿನಲ್ಲಿ ಆಫ್ ಆಗಿತ್ತು. "ಒಂದೇ ಟಿಕ್ ಬರ್ತದೆ ಅಮ್ಮ. ಡ್ಯಾಡಿಗೆ ನೆಟ್‌ವರ್ಕೇ ಇಲ್ವಾ?" ಎಂದು ಊಟ ಬಿಟ್ಟಳು. ನಾನು ಫೋನು ಆನ್ ಮಾಡಿದೆ. ಎರಡು ಟಿಕ್ ಬಂದವು. ಕೆಲವು ದಿನ ಬಿಟ್ಟು ಅವು ನೀಲಿಯಾಗಲಿಲ್ಲವೆಂದು ಅತ್ತಳು. ಮೆಸೇಜುಗಳನ್ನು ತೆರೆದೆ. ಆಮೇಲೆ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿದೆ. ಆಮೇಲೆ ಒಂದು ಕೆಂಪು ಹೃದಯ.

ಕಂಪನಿಯವರು ಫ್ಲ್ಯಾಟನ್ನೂ ನಮ್ಮ ವೀಸಾವನ್ನೂ ಆಗಸ್ಟ್ ಕೊನೆಯವರೆಗೆ ಬಿಟ್ಟಿದ್ದರು. ಟಿಕೆಟ್ ಆಗಿತ್ತು. ಶಾಲೆಗೆ ಟಿಸಿ ಕೇಳಿ ಅರ್ಜಿ ಕೊಟ್ಟಾಗಿತ್ತು. ಅದೂ ಅವಳಿಗೆ ಗೊತ್ತಿರಲಿಲ್ಲ. ಮಂಗಳೂರಿನ ಏರ್‌ಪೋರ್ಟಿನಲ್ಲಿ ನಮ್ಮನ್ನು ನೋಡಿದೊಡನೆ ಅತ್ತೆ, ನಾದಿನಿ, ದೊಡ್ಡಮ್ಮ ಎಲ್ಲರೂ ಒಟ್ಟಿಗೆ ಅಳುತ್ತಾರೆ. ಅದಕ್ಕೆ ಮೊದಲು ನಾನು ಹೇಳಬೇಕಿತ್ತು. ಬೆಳಿಗ್ಗೆ ಎದ್ದಾಗ ಇವತ್ತು ಎಂದುಕೊಳ್ಳುತ್ತಿದ್ದೆ.

ಚಾರ್ಟಿನ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಕೊಣಾಜೆಯ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು ನಾನು. ಒಬ್ಬರ ಬದುಕನ್ನು ನಾಲ್ಕು ಸಾಲಿಗೆ ಇಳಿಸುವುದು ಬರುತ್ತದೆ. ಫೋನಿನಲ್ಲಿ ಹುಡುಕಿ ಓದಿದೆ. ದೀಕ್ಷಿತಾ ನೆಲದ ಮೇಲೆ ಮಲಗಿ ಚಾರ್ಟಿನಲ್ಲಿ ಬಿಡಿಸಿದ ಕೊಟ್ಟಿಗೆಗೆ ಬಣ್ಣ ತುಂಬುತ್ತಿದ್ದಳು.

ವೃತ್ತಿ ಸುಲಭವಿತ್ತು. ಆಲ್ಮಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿಕೊಂಡು, ಇಸ್ತ್ರಿ ಹಲಗೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಬರೆದಳು. ಮೊದಲ ಪುಸ್ತಕವನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದೆ ಕಳಿಸಿದರು. ಎಲ್ಲರದೂ ಒಂದೇ ತಕರಾರು. ಅಪ್ಪನನ್ನು ಒಳಗೆ ಕರೆತನ್ನಿ, ಮಕ್ಕಳು ಕಾಯುತ್ತಾರೆ. ಆಕೆ ಒಪ್ಪಲಿಲ್ಲ. ಕೊನೆಗೆ ಶಿಕಾಗೊದ ಒಂದು ಸಣ್ಣ ಪ್ರಕಾಶನ ಹಾಗೆಯೇ ಅಚ್ಚು ಹಾಕಿತು. ಆಮೇಲೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಕಾಗದ ಬರೆದರು, ಅಪ್ಪ ಯಾವಾಗ ಬರುತ್ತಾನೆ ಎಂದು. ಆಕೆ ಒಬ್ಬೊಬ್ಬರಿಗೂ ಉತ್ತರಿಸಿದಳು: ಕೈ ತೊಳೆಯುತ್ತಿದ್ದಾನೆ, ಈಗ ಬರುತ್ತಾನೆ. ಒಂಬತ್ತನೇ ಪುಸ್ತಕದ ನಂತರ ಬರೆಯುವುದನ್ನು ನಿಲ್ಲಿಸಿದಳು. ಸಾಯುವವರೆಗೂ ಶನಿವಾರಗಳಂದು ಊರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಓದಿ ಹೇಳುತ್ತಿದ್ದಳು, ತನ್ನವಲ್ಲ, ಬೇರೆಯವರ ಪುಸ್ತಕಗಳನ್ನು.

ಜೀವನದ ಕಡೆಗೆ ಬಂದಾಗ ಮೂರು ಸಾಲು ಬರೆದೆ. ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದಳು. ಅವಳ ಗಂಡ ರಾಯ್ ರೈಲ್ವೆಯಲ್ಲಿದ್ದ. ಅವರಿಗೆ ಲೂಯಿಸ್ ಎಂಬ ಮಗಳಿದ್ದಳು.

"ಲೈಫ್ ಕಾಲಂ ಯಾಕೆ ಇಷ್ಟು ಸಣ್ಣ?" ದೀಕ್ಷಿತಾ ಬಂದು ಇಣುಕಿದಳು. "ಕರಿಯರ್ ನೋಡು, ಫುಲ್ ಆಗಿದೆ."

"ಅಷ್ಟೇ ಸಿಕ್ಕಿದ್ದು."

"ರಾಯ್ ಆಮೇಲೆ ಏನು ಮಾಡಿದ?"

"ರೈಲ್ವೆಯಲ್ಲಿದ್ದ ಅಂತ ಬರೆದಿದ್ದೇನಲ್ಲ."

"ಮಿಸ್ ಕ್ವೆಶ್ಚನ್ ಕೇಳ್ತಾರೆ ಅಮ್ಮ. ಮಿನ್ನಾಳ ಅಪ್ಪ ಯಾಕೆ ಒಳಗೆ ಬರೋದಿಲ್ಲ ಅಂತ ಕೇಳೇ ಕೇಳ್ತಾರೆ. ನಂಗೆ ಆನ್ಸರ್ ಬೇಕು. ಡ್ಯಾಡಿಗೆ ಗೊತ್ತಿರ್ತದೆ, ಕೇಳ್ಲಾ?"

ಅವಳು ಫೋನಿಗೆ ಕೈಚಾಚಿದಳು. ಚಾರ್ಜ್ ಇಲ್ಲ ಎಂದೆ.

ಅವಳ ಪ್ರಶ್ನೆಗೆ ಉತ್ತರ ಆಗಲೇ ನನಗೆ ಸಿಕ್ಕಿತ್ತು. ಮುದುಕಿಯಾದ ಮೇಲೆ ಆಲ್ಮಾಳನ್ನು ಪತ್ರಿಕೆಯವರೊಬ್ಬರು ಅದನ್ನೇ ಕೇಳಿದ್ದರು. "ಒಳಗೆ ಬಂದರೆ ಇಷ್ಟು ದಿನ ಎಲ್ಲಿದ್ದೆ ಎಂದು ಅವನನ್ನು ಕೇಳಬೇಕಾಗುತ್ತಿತ್ತು" ಎಂದಿದ್ದಳು ಆಕೆ. ರಾಯ್ ಮೊದಲ ಪುಸ್ತಕಕ್ಕಿಂತ ಬಹಳ ಮೊದಲೇ ಎರಡು ಬೋಗಿಗಳ ನಡುವೆ ಸಿಕ್ಕಿ ಸತ್ತಿದ್ದ. ಅಪ್ಪ ಪಶ್ಚಿಮದ ಕಡೆ ಹೊಸ ಹಳಿ ಹಾಕಲು ಹೋಗಿದ್ದಾನೆ ಎಂದು ಆಲ್ಮಾ ಮಗಳಿಗೆ ಹೇಳಿದ್ದಳು. ಲೂಯಿಸ್‌ಗೆ ನಿಜ ತಿಳಿದದ್ದು ದಿನಸಿ ಅಂಗಡಿಯ ಸಾಲಿನಲ್ಲಿ, ಮುಂದೆ ನಿಂತಿದ್ದ ಇಬ್ಬರು ಹೆಂಗಸರ ಮಾತಿನಿಂದ. ತಾಯಿ ಸತ್ತ ಮೇಲೆ ಆ ಪತ್ರಿಕೆಯವರು ಲೂಯಿಸ್‌ಳನ್ನೂ ಕೇಳಿದರು, ಅಮ್ಮನ ಪುಸ್ತಕಗಳಲ್ಲಿ ನಿಮಗೆ ಯಾವುದು ಹೆಚ್ಚು ಇಷ್ಟ ಎಂದು.

"ನಾನು ಒಂದನ್ನೂ ಓದಿಲ್ಲ."

ಅದನ್ನು ಓದಿ ಫೋನನ್ನು ಕವುಚಿಟ್ಟೆ. ಅಕ್ಕಿ ತೊಳೆದೆ. ತೊಳೆದ ಅಕ್ಕಿಯನ್ನು ಮತ್ತೆ ತೊಳೆದೆ.

ಆ ವಾರ ಊರಿನಿಂದ ಅತ್ತೆಯ ಫೋನು ಬಂತು. ಅವರ ಹೆಸರು ಅಪ್ಪಿ. ಮೊದಲು ಮೊಮ್ಮಗಳ ಜೊತೆ ಮಾತನಾಡಿದರು.

"ಅಜ್ಜಿ, ಡ್ಯಾಡಿ ನಿಮಗೆ ಫೋನ್ ಮಾಡಿದ್ರಾ?"

"ಮಾಡಿದ್ದ ಮಗಾ. ಕೆಲಸ ಜೋರುಂಟಂತೆ."

"ನಂಗೆ ಮಾತ್ರ ಮಾಡುದಿಲ್ಲ. ಬರ್ಲಿ ಅವ್ರು, ಮಾತೇ ಆಡುದಿಲ್ಲ ನಾನು."

"ಆಡ್ಬೇಡ. ಎರಡು ಬಿಡು ಬೆನ್ನಿಗೆ" ಎಂದು ಅತ್ತೆ ನಕ್ಕರು. ದೀಕ್ಷಿತಾ ಫೋನು ನನಗೆ ಕೊಟ್ಟು ಒಳಗೆ ಹೋದಳು.

"ಕೇಳಿಸ್ತಾ ಸುಪ್ರೀತಾ? ನನ್ನ ಮಗ ನನಗೆ ಫೋನ್ ಮಾಡಿದ್ನಂತೆ. ನಾನೇ ಹೇಳಿದ್ದು ಅದು. ಈ ಬಾಯಲ್ಲಿ."

"ಹೇಳ್ತೇನೆ ಮಾಮಿ."

"ಯಾವಾಗ ಹೇಳುದು? ಅವಳ ಮದುವೆಯಲ್ಲಾ?" ಅವರು ಮೂಗು ಒರೆಸಿಕೊಂಡರು. "ಅದಿರ್ಲಿ. ಆಟಿ ತಿಂಗಳು ಮುಗೀತಾ ಬಂತು. ಅವನಿಗೆ ಬಡಿಸ್ಬೇಕು."

ನಮ್ಮ ತುಳುವರು ಸತ್ತವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ನೀರಿಟ್ಟು, ದೀಪವಿಟ್ಟು, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಉಂಡು ಮುಗಿಯುವಷ್ಟು ಹೊತ್ತು ಕಾದು, ಬಾಗಿಲು ಬಡಿದು ಒಳಗೆ ಹೋಗಬೇಕು. ಹೊಸದಾಗಿ ಹೋದವರಿಗೆ ಮೊದಲ ಆಟಿಯಲ್ಲಿ ತಪ್ಪಿಸುವಂತಿಲ್ಲ.

"ಅಲ್ಲಿ ನೀವು ಬಡಿಸ್ತೀರಲ್ಲ ಮಾಮಿ."

"ನಾನು ಬಡಿಸ್ತೇನೆ. ಆದ್ರೆ ಅವನು ಹೊರಟದ್ದು ಆ ಮನೆಯಿಂದ ಅಲ್ವಾ? ಕೆಲಸಕ್ಕೆ ಅಂತ ಹೋದವ ಮನೆಗೆ ಅಂತ ಅಲ್ಲಿಗೇ ಬಂದ್ರೆ? ನೀವು ಇನ್ನು ಆ ಬಾಗಿಲು ಬೀಗ ಹಾಕಿ ಬರ್ತೀರಿ. ಒಮ್ಮೆ ಉಣ್ಣಿಸಿ ಕಳಿಸು. ನೀರು ಮಗಳ ಕೈಯಲ್ಲೇ ಇಡಿಸು."

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆಗಲಿ ಎಂದೆ.

ಶುಕ್ರವಾರ ಸಂಜೆಗೆಂದು ನಿಶ್ಚಯಿಸಿದೆ. ಶಾಲೆ ತೆರೆಯುವ ಭಾನುವಾರ ಅವಳು ಚಾರ್ಟ್ ಓದಬೇಕಿತ್ತು; ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಬಂಗುಡೆ ಪುಳಿಮುಂಚಿ ಮಾಡಿದೆ. ಲಕ್ಷಿತ್ ಮೀನು ಉಣ್ಣುವುದು ಬಹಳ ನಿಧಾನ. ಮುಳ್ಳನ್ನೆಲ್ಲ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿಟ್ಟು, ಅರ್ಧ ಮೀನನ್ನು ಮಗಳಿಗೆ ದಾಟಿಸಿ, ಉಳಿದದ್ದನ್ನು ತಾವು ಉಣ್ಣುತ್ತಿದ್ದರು. ಅವರು ಕೈ ತೊಳೆಯುವ ಹೊತ್ತಿಗೆ ನಾನು ಪಾತ್ರೆಗಳನ್ನೆಲ್ಲ ಉಜ್ಜಿ ಆಗಿರುತ್ತಿತ್ತು.

"ಗೆಸ್ಟ್ ಯಾರು?" ಎಂದು ದೀಕ್ಷಿತಾ ಕೇಳಿದಳು. ನಾನು ಒಗ್ಗರಣೆಯ ಕಡೆ ತಿರುಗಿದೆ.

ಬಾಳೆ ಎಲೆಗಾಗಿ ಕೆಳಗೆ ಕೇರಳದ ಕುಂಞಮ್ಮದ್ ಅವರ ಟೀ ಅಂಗಡಿಗೆ ಹೋದೆವು. ಬಾತಿನಾ ಕರಾವಳಿಯ ತೋಟದಿಂದ ತರಿಸಿದ ಎಲೆಯನ್ನು ಅವರು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಪರೋಟಕ್ಕೆ ಚಿಪ್ಸ್ ಪುಡಿ ಮಾಡಿ ಹಾಕಿ ಸುತ್ತಿಕೊಡುವುದೆಂದರೆ ಲಕ್ಷಿತ್‌ಗೆ ಬಲು ಇಷ್ಟ. ಅದನ್ನೂ ಒಂದು ಕಟ್ಟಿಸಿದೆ.

"ಡಬಲ್ ಚಿಪ್ಸ್ ಹಾಕಿ ಅಂಕಲ್. ಡ್ಯಾಡಿ ಸ್ಟೈಲ್" ಎಂದಳು ದೀಕ್ಷಿತಾ.

"ಡಬಲೋ ತ್ರಿಬಲೋ, ನೀನು ಹೇಳಿದ ಹಾಗೆ ಮೋಳೆ" ಎಂದರು ಕುಂಞಮ್ಮದ್. ನನ್ನ ಮುಖ ನೋಡಲಿಲ್ಲ.

ಪ್ಲಾಂಟಿನ ಸಮವಸ್ತ್ರದಲ್ಲಿದ್ದ ಒಬ್ಬರು ಟೀ ಕುಡಿಯುತ್ತ ನಿಂತಿದ್ದರು. ನನ್ನನ್ನು ನೋಡಿ ಲೋಟ ಕೆಳಗಿಟ್ಟರು. ಎದೆಯ ಮೇಲೆ ಕೈಯಿಟ್ಟುಕೊಂಡು ಹತ್ತಿರ ಬಂದರು.

"ಭಾಭೀಜೀ, ಲಕ್ಷಿತ್ ಭಾಯಿಯವರ ಮನೆಯವರಲ್ವಾ? ನಾನು ಮಹಮೂದ್. ಬಹುತ್ ಅಫ್ಸೋಸ್ ಹುವಾ. ಅವತ್ತು ಬಸ್ಸಿನಲ್ಲಿ ನಾನೂ..."

"ಯಲ್ಲಾ ಯಲ್ಲಾ! ಪಾರ್ಸಲ್ ರೆಡಿ! ಸೈಡ್, ಸೈಡ್!" ಕುಂಞಮ್ಮದ್ ಕೌಂಟರಿನ ಮೇಲೆ ಸೌಟು ಬಡಿದರು. ಬಂದವರ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು. ಸಕ್ಕರೆ ಡಬ್ಬಿ ಉರುಳಿ ಬಿತ್ತು.

"ಆ ಅಂಕಲ್ ಬಸ್ಸಿನಲ್ಲಿ ಎಂತ ಅಂದ್ರು?" ದೀಕ್ಷಿತಾ ಕೇಳಿದಳು.

ಅವಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಲೂಯಿಸ್ ನಿಂತಿದ್ದ ದಿನಸಿ ಅಂಗಡಿಯ ಸಾಲು ಇಲ್ಲಿಯವರೆಗೆ ಬಂದಿತ್ತು. ಲಿಫ್ಟ್ ಇದೆಯೆಂಬುದು ನೆನಪಾದದ್ದು ಮೂರನೇ ಮಹಡಿ ತಲುಪಿದ ಮೇಲೆ.

ಹಾಲಿನಲ್ಲಿ ಪೂರ್ವಕ್ಕೆ ಎಲೆ ಹಾಕಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆ, ಉಪ್ಪಿನಕಾಯಿ, ಪರೋಟ. ದೀಪ ಹಚ್ಚಿದೆ. ದೀಕ್ಷಿತಾ ಸ್ಟೀಲಿನ ಲೋಟದಲ್ಲಿ ನೀರು ತಂದಿಟ್ಟಳು. ಅದು ಅಪ್ಪನ ಲೋಟ. ನಾನು ಹೇಳಿರಲಿಲ್ಲ, ಅವಳಾಗಿಯೇ ಅದನ್ನು ತಂದಿದ್ದಳು. ಗೋಡೆಗೆ ಚಾರ್ಟ್ ಒರಗಿಸಿತ್ತು. ಕೊಟ್ಟಿಗೆಯ ಕಿಟಕಿಗೆ ಅವಳು ಹಳದಿ ಬಣ್ಣ ಹಚ್ಚಿದ್ದಳು.

"ಬಾ" ಎಂದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಕಾರಿಡಾರಿನಲ್ಲಿ ಎಸಿಗಳ ಬಿಸಿಗಾಳಿ ಹೊಡೆಯುತ್ತಿತ್ತು. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಮುಗಿದಿತ್ತು.

"ಊಟ ಯಾರಿಗೆ ಅಮ್ಮ?"

"ಡ್ಯಾಡಿಗೆ."

ಅವಳ ಮುಖ ಅರಳಿತು. ಅದನ್ನು ನಾನು ನೋಡಬೇಕಾಯಿತು. "ಬಂದ್ರಾ? ಶಟ್‌ಡೌನ್ ಖಲಾಸಾ? ಲಿಫ್ಟಲ್ಲಿ ಬರ್ತಾ ಇದ್ದಾರಾ?" ಲಿಫ್ಟಿನ ಕಡೆ ಓಡಿದವಳು ಅರ್ಧಕ್ಕೆ ನಿಂತಳು. "ಮತ್ತೆ ನಾವು ಯಾಕೆ ಹೊರಗೆ? ಹೊರಗಿನಿಂದ ಬರೋದು ಡ್ಯಾಡಿ ಅಲ್ವಾ?"

ನಾನು ನೆಲದ ಮೇಲೆ, ಚಪ್ಪಲಿಗಳ ಪಕ್ಕ ಕುಳಿತೆ.

"ಡ್ಯಾಡಿ ದುಕ್ಮ್‌ಗೆ ಹೋಗಿರ್ಲಿಲ್ಲ ಮಗಾ. ನಿನಗೆ ಚಿಕನ್ ಪಾಕ್ಸ್ ಆಗಿತ್ತಲ್ಲ, ಆಗ, ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಡ್ಯಾಡಿ ಸತ್ತುಹೋದ್ರು."

ಆ ಪದವನ್ನು ಅವರ ಬಗ್ಗೆ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಸುಳ್ಳು."

"ಸುಳ್ಳಲ್ಲ."

"ಸುಳ್ಳೇ. ಮೊನ್ನೆ ಹಾರ್ಟ್ ಕಳಿಸಿದ್ದಾರೆ ನಂಗೆ."

"ಅದು ನಾನು."

ಅವಳು ನನ್ನನ್ನೇ ನೋಡಿದಳು. "ಥಂಬ್ಸ್ ಅಪ್?"

"ನಾನೇ."

"ಬ್ಲೂ ಟಿಕ್?"

"ನಾನೇ ಮಗಾ. ಫೋನು ಕಪಾಟಿನಲ್ಲುಂಟು."

"ಎಲ್ಲಾ ನೀನೇ ಕೇಳಿದ್ದಾ? ನಾನು ಡ್ಯಾಡಿಗೆ ಹೇಳಿದ್ದೆಲ್ಲ?"

ನಾನು ತಲೆಯಾಡಿಸಿದೆ. ಅವಳು ಹಿಂದೆ ಹಿಂದೆ ಸರಿದು ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಗ್ಲಾಡ್ವಿನ್ ಅವರ ಬಾಗಿಲು ಸ್ವಲ್ಪ ತೆರೆಯಿತು. ಜೆಸಿಂತಾಳ ಮುಖ ಕಂಡಿತು. ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಜೆಸಿಂತಾ ಆಂಟಿಗೆ ಗೊತ್ತಾ?"

"ಗೊತ್ತುಂಟು."

"ಅಜ್ಜಿಗೆ?"

"ಗೊತ್ತುಂಟು."

"ಕುಂಞಮ್ಮದ್ ಅಂಕಲ್‌ಗೆ?"

"ಹೂಂ."

"ನಂಗೊಬ್ಬಳಿಗೇ ಗೊತ್ತಿಲ್ಲ" ಎಂದಳು. ಧ್ವನಿ ಏರಲಿಲ್ಲ. ನಾನು ಕೈ ಚಾಚಿದೆ. ಅವಳು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಯಾರೋ ಲಿಫ್ಟಿನಿಂದ ಇಳಿದು, ನಮ್ಮನ್ನು ನೋಡಿ, ತಮ್ಮ ಬಾಗಿಲು ತೆರೆದು ಒಳಗೆ ಹೋದರು. ಅವರ ಬೂಟಿನ ಸದ್ದಿಗೆ ದೀಕ್ಷಿತಾ ತಲೆಯೆತ್ತಿದಳು, ತಗ್ಗಿಸಿದಳು.

"ಈಗ ಒಳಗೆ ಯಾರಿದ್ದಾರೆ?" ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಎಂದೆ. ಅತ್ತೆ ಹೇಳಿದ್ದನ್ನು ಹೇಳಿದೆ. ಸತ್ತವರು ಬಂದು ಉಣ್ಣುತ್ತಾರೆ ಎಂದು ನಮ್ಮ ಊರಿನಲ್ಲಿ ನಂಬುತ್ತಾರೆ, ನಾವು ನೋಡಬಾರದು, ಆಮೇಲೆ ಬಡಿದು ಒಳಗೆ ಹೋಗಬೇಕು. ಅವಳು ಬಾಗಿಲನ್ನು ನೋಡಿದಳು. ಅದರ ಕೆಳಗಿನ ಸಂದಿಯಲ್ಲಿ ದೀಪದ ಬೆಳಕು ಒಂದು ಗೆರೆಯಷ್ಟು ಕಾಣುತ್ತಿತ್ತು.

ದೀಪ ಹಾಗೆಯೇ ಬಿಟ್ಟು ಬಂದದ್ದು ನೆನಪಾಗಿ ನಾನು ಎದ್ದೆ. ಬಾಗಿಲು ಬಡಿಯಲು ಕೈ ಎತ್ತಿದೆ.

ಅವಳು ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ಅವಳ ಉಗುರು ಚುಚ್ಚಿತು.

"ಬಡೀಬೇಡ" ಎಂದಳು. "ಬಂಗುಡೆ ಅಲ್ವಾ. ಮುಳ್ಳು ತೆಗೀಲಿಕ್ಕೆ ಡ್ಯಾಡಿಗೆ ತುಂಬಾ ಟೈಮ್ ಬೇಕು."

ನಾವು ನಿಂತೆವು. ಅವಳು ನನ್ನ ಮುಖ ನೋಡಲಿಲ್ಲ. ಕೈಯನ್ನೂ ಬಿಡಲಿಲ್ಲ.